ಹಳೆಯ ಫೋರ್ ವೀಲ್ ಗಾಡಿ, ದಿನದ ಓಡಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಲ್ಯಾಡರ್ ಚಾಸಿ (ಗಾಡಿಯನ್ನು ಹೊರುವ ಏಣಿಯಾಕಾರದ ಕಬ್ಬಿಣದ ಚೌಕಟ್ಟು), ಹಿಂದೆ ಮುಂದೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್, ಡ್ರಂ ಬ್ರೇಕ್ ಇರುವ, ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಲ್ಲ (ಫೋರ್ ವೀಲ್) ಹಳೆಯ ಜೀಪು ಮಾದರಿಯ ಗಾಡಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಎಂಟು ವರ್ಷ ಷೆಡ್ಡಿನಲ್ಲೇ ನಿಂತಿದ್ದ ಪೆಟ್ರೋಲ್ ಜೀಪು ಕೊಂಡಿದ್ದೇನೆ. ದಿನಾ ಕೆಲಸಕ್ಕೆ ಇದರಲ್ಲೇ ಹೋಗಬೇಕೆಂಬ ಆಸೆ. ಟಿಂಕರಿಂಗ್‌ನವರು ಮೊದಲು ಬಾಡಿ, ಪೇಂಟು ಮುಗಿಸೋಣ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಪೇಂಟು ಕೊನೆಗಿರಲಿ. ಹೊಸ ಪೇಂಟಿನ ಮೇಲೆ ವೆಲ್ಡಿಂಗ್ ಕಿಡಿಯೋ ಬ್ರೇಕ್ ಆಯಿಲ್ಲೋ ಬಿತ್ತೆಂದರೆ ಮಾಡಿಸಿದ್ದೆಲ್ಲ ದಂಡ. ಚಾಸಿ, ಬ್ರೇಕು, ಸ್ಟೀರಿಂಗ್ ಮೊದಲು. ಆಮೇಲೆ ಎಂಜಿನ್, ರೇಡಿಯೇಟರ್, ವೈರಿಂಗ್. ಅಂದಚೆಂದ ಅದಾದ ಮೇಲೆ.

ಚಾಸಿ ಪರೀಕ್ಷೆಗೆ ಸಣ್ಣ ಸುತ್ತಿಗೆ ಮತ್ತು ಚೂಪಾದ ಸ್ಕ್ರೂಡ್ರೈವರ್ ಸಾಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ದಬ್ ಎನ್ನುತ್ತದೆ. ಸ್ಪ್ರಿಂಗ್ ಹ್ಯಾಂಗರ್‌ಗಳ (ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಕೊಂಡಿಗಳ) ಬುಡ, ಹಿಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ), ಬಾಡಿ ಬೋಲ್ಟ್ ಕೂರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಇವಿಷ್ಟನ್ನೂ ಬಿಡದೆ ಬಡಿದು ನೋಡಿ. ಪೆಟ್ಟಿಗೆಯಾಕಾರದ ಚಾಸಿಯಲ್ಲಿ ಕೆಸರು ಒಳಗೆ ಕೂತು ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಗುಳ್ಳೆ ಕಂಡಾಗ ಒಳಗೆ ಆಗಬೇಕಾದ ಹಾನಿ ಆಗಿಹೋಗಿರುತ್ತದೆ. ತುಕ್ಕಿನ ಮೇಲೇ ಪ್ಲೇಟು ಹೊದಿಸಿ ವೆಲ್ಡ್ ಮಾಡಲು ಬಿಡಬೇಡಿ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಚಾಸಿಯಷ್ಟೇ ದಪ್ಪದ ಪ್ಲೇಟು ಕೂರಿಸಬೇಕು. ಬಲಕ್ಕೆ ಮೇಲೊಂದು ಪ್ಲೇಟು ಕೊಡುವುದಾದರೆ ಅದರ ತುದಿಗಳು ವಜ್ರಾಕಾರದಲ್ಲಿ ಓರೆಯಾಗಿರಲಿ. ಚಾಸಿಗೆ ಅಡ್ಡಲಾಗಿ ನೇರಕ್ಕೆ ಎಳೆದ ವೆಲ್ಡಿಂಗ್ ಗೆರೆಯ ಪಕ್ಕದಲ್ಲೇ ಮುಂದೆ ಬಿರುಕು ಬಿಡುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ, ಆಲ್ಟರ್ನೇಟರ್ ವೈರುಗಳನ್ನು ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ಇಳಿಸಿ ದೂರ ಇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಹೆಚ್ಚು ಅಪಾಯ.

ಎಂಜಿನ್ ವಿಷಯದಲ್ಲಿ ಅವಸರ ಬೇಡ. ಬಂದ ದಿನವೇ ಬ್ಯಾಟರಿ ಕೊಟ್ಟು ಸ್ಟಾರ್ಟರ್ ಒತ್ತಿದರೆ ತುಕ್ಕು ಹಿಡಿದ ಸಿಲಿಂಡರಿನಲ್ಲಿ ರಿಂಗ್ ಮುರಿಯಬಹುದು. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮರುದಿನ ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿ ಹ್ಯಾಂಡಲ್ ಹಾಕಿ ಕೈಯಲ್ಲೇ ಕೆಲವು ಸುತ್ತು ತಿರುಗಿಸಿ. ಆಮೇಲೆ ಕಾಯಿಲ್ ವೈರ್ ಕಳಚಿ, ಪ್ಲಗ್ ಇಲ್ಲದೆಯೇ ಸ್ಟಾರ್ಟರಿನಿಂದ ಸುತ್ತಿಸಿ, ಆಯಿಲ್ ಪ್ರೆಷರ್ ಏರುವುದನ್ನು ಕಣ್ಣಾರೆ ನೋಡಿ. ಹಳೆಯ ಪೆಟ್ರೋಲನ್ನು ಒಂದು ಹನಿಯೂ ಉಳಿಸದೆ ತೆಗೆಯಿರಿ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ ಎಥನಾಲ್ ಬೆರೆತ ಪೆಟ್ರೋಲನ್ನು ತಾಳುವುದಿಲ್ಲ. ಒಳಗೇ ಉದುರಿ ಕಾರ್ಬ್ಯುರೇಟರ್ ಜೆಟ್ ಕಟ್ಟಿಕೊಳ್ಳುತ್ತದೆ. ಎಥನಾಲ್ ತಾಳುವ ಪೈಪನ್ನೇ ಕೇಳಿ ಹಾಕಿಸಿ.

ಎಂಜಿನ್ ಓಡಿ ಬಿಸಿಯಾದ ಮೇಲೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ನಾಲ್ಕೂ ಸಿಲಿಂಡರ್ ತಯಾರಕರು ಹೇಳಿದ ಮಟ್ಟದಲ್ಲಿದ್ದು, ತಮ್ಮೊಳಗೆ ಶೇ. 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಎಂಜಿನ್ ಇಳಿಸುವ ಮಾತೇ ಬೇಡ. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಪ್ರಶ್ನೆ: ಬ್ರೇಕ್ ಪೆಡಲ್ ಒಂದೇ ಸಲಕ್ಕೆ ತಳ ಮುಟ್ಟುತ್ತದೆ, ಎರಡು ಸಲ ಪಂಪ್ ಮಾಡಿದರೆ ಹಿಡಿಯುತ್ತದೆ. ಗಾಡಿ ಎಡಕ್ಕೆ ಎಳೆಯುತ್ತದೆ. ಹೊಸ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲನ್ನು ಚಕ್ರಗಳಿಗೆ ತಳ್ಳುವ ಭಾಗ) ಹಾಕಿಸಿದರೂ ಅದೇ ಕಥೆ. ಸ್ವಲ್ಪ ದೂರ ಓಡಿದ ಮೇಲೆ ಈಗ ಬ್ರೇಕು ತಾನಾಗಿ ಹಿಡಿದುಕೊಳ್ಳಲೂ ಶುರುವಾಗಿದೆ.

ಪೆಡಲ್ ಹೇಗೆ ಇಳಿಯುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರವಿದೆ. ಪಂಪ್ ಮಾಡಿದಾಗ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಶೂಗಳು (ಡ್ರಮ್ಮಿಗೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಪಟ್ಟಿಗಳು) ಡ್ರಮ್ಮಿನಿಂದ ದೂರ ಇವೆ. ಮೇಲೆ ಬಂದರೂ ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಇದೆ. ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುತ್ತಾ ಹೋದರೆ ಮಾತ್ರ ಮಾಸ್ಟರ್ ಸಿಲಿಂಡರಿನ ಸೀಲ್ ಅಥವಾ ಎಲ್ಲೋ ಸೋರಿಕೆಯ ಅನುಮಾನ. ನಿಮ್ಮದು ಮೊದಲನೆಯ ಬಗೆ. ಮಾಸ್ಟರ್ ಸಿಲಿಂಡರ್ ಬದಲಿಸುವ ಅಗತ್ಯವೇ ಬಹುಶಃ ಇರಲಿಲ್ಲ. ಒಂದೊಂದೇ ಚಕ್ರ ಎತ್ತಿ, ಅದು ತಿರುಗದಂತಾಗುವವರೆಗೆ ಶೂ ಅಡ್ಜಸ್ಟರ್ ಬಿಗಿ ಮಾಡಿ, ಪೆಡಲ್ ಒಮ್ಮೆ ಜೋರಾಗಿ ಒತ್ತಿಸಿ ಶೂ ಸರಿಯಾಗಿ ಕೂರಲು ಬಿಡಿ. ಆಮೇಲೆ ಚಕ್ರ ಸರಾಗವಾಗಿ ತಿರುಗುವಷ್ಟು ಮಾತ್ರ ಸಡಿಲಿಸಿ.

ಎಡಕ್ಕೆ ಎಳೆಯುವ ಗಾಡಿಯಲ್ಲಿ ಮೊದಲು ಮುಂದಿನ ಬಲ ಡ್ರಮ್ ತೆಗೆಯಿರಿ, ಏಕೆಂದರೆ ಆ ಕಡೆ ಸರಿಯಾಗಿ ಹಿಡಿಯದಿರುವುದೇ ಹೆಚ್ಚಾಗಿ ಕಾರಣ: ಲೈನಿಂಗ್ (ಶೂ ಮೇಲಿನ ಉಜ್ಜುವ ಪದರ) ಮೇಲೆ ಗ್ರೀಸ್, ಇಲ್ಲವೇ ಜಾಮ್ ಆದ ವೀಲ್ ಸಿಲಿಂಡರ್ (ಶೂಗಳನ್ನು ಹೊರಕ್ಕೆ ತಳ್ಳುವ ಭಾಗ). ಆಯಿಲ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಬೇಡ, ಬಿಸಿಯಾದಾಗ ಆಯಿಲ್ ಮತ್ತೆ ಮೇಲಕ್ಕೆ ಬರುತ್ತದೆ. ಒಂದೇ ಆಕ್ಸಲ್ಲಿನ ಎರಡೂ ಕಡೆ ಒಟ್ಟಿಗೆ ಬದಲಿಸಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್ಮಿನ ಧೂಳಿಗೆ ಗಾಳಿ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನು ತಾನಾಗಿ ಹಿಡಿದುಕೊಳ್ಳುವುದು. ಇದು ಹೊಸ ಮಾಸ್ಟರ್ ಸಿಲಿಂಡರ್ ಕೂರಿಸಿದಾಗ ಆದ ತಪ್ಪಿರಬೇಕು. ಪೆಡಲ್ ಬಿಟ್ಟಾಗ ಪುಷ್ ರಾಡ್‌ಗೂ (ಪೆಡಲಿನಿಂದ ಬರುವ ಸರಳು) ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೂ ನಡುವೆ 1–2 ಮಿ.ಮೀ. ಸಡಿಲ ಇರಲೇಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ, ಆಯಿಲ್ ವಾಪಸು ಹೋಗುವ ಸಣ್ಣ ತೂತು ಮುಚ್ಚಿಕೊಂಡೇ ಇರುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಶೂಗಳನ್ನು ಒತ್ತುತ್ತದೆ, ಅದರಿಂದ ಇನ್ನಷ್ಟು ಬಿಸಿ. ಹೀಗೆ ಹಿಡಿದುಕೊಂಡಾಗ ಒಂದು ಚಕ್ರದ ಬ್ಲೀಡಿಂಗ್ ನಿಪ್ಪಲ್ (ಲೈನಿನ ಗಾಳಿ ತೆಗೆಯುವ ಸಣ್ಣ ತಿರುಪು) ಸಡಿಲಿಸಿ ನೋಡಿ. ನಾಲ್ಕೂ ಚಕ್ರ ಬಿಟ್ಟುಕೊಂಡರೆ ತಪ್ಪು ಪುಷ್ ರಾಡಿನದು. ಆ ಒಂದೇ ಚಕ್ರ ಬಿಟ್ಟುಕೊಂಡರೆ ಅದರ ರಬ್ಬರ್ ಹೋಸ್ ಒಳಗೆ ಊದಿ ವಾಲ್ವಿನಂತೆ ಕೆಲಸ ಮಾಡುತ್ತಿದೆ. ಹೊರಗಿನಿಂದ ಹೊಸದರಂತೆಯೇ ಕಾಣುವ ಹೋಸ್ ಒಳಗೆ ಕೆಟ್ಟಿರುವುದುಂಟು.

ದಿನಬಳಕೆಯ ಗಾಡಿಗೆ ನಮ್ಮ ಗಟ್ಟಿ ಸಲಹೆ ಒಂದಿದೆ. ಹಳೆಯ ಒಂಟಿ ಸರ್ಕ್ಯೂಟ್ ತೆಗೆಸಿ, ಎರಡು ಬೇರೆ ಬೇರೆ ಆಯಿಲ್ ದಾರಿಗಳಿರುವ ಡಬಲ್ ಸರ್ಕ್ಯೂಟ್ ಮಾಸ್ಟರ್ ಸಿಲಿಂಡರ್ ಹಾಕಿಸಿ. ಒಂಟಿ ಸರ್ಕ್ಯೂಟಿನಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಕೆಲಸ ಮುಗಿದ ಮೇಲೆ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಗಾಳಿ ತೆಗೆಯಿರಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳುತ್ತದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಪ್ರಶ್ನೆ: ಗಂಟೆಗೆ 55 ಕಿ.ಮೀ. ವೇಗದಲ್ಲಿ ಸಣ್ಣ ಗುಂಡಿ ಸಿಕ್ಕರೂ ಸ್ಟೀರಿಂಗ್ ಗಡಗಡ ನಡುಗುತ್ತದೆ. ಗಾಡಿ ನಿಲ್ಲಿಸುವವರೆಗೆ ನಿಲ್ಲುವುದಿಲ್ಲ. ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದರೆ ಸರಿಹೋಗುತ್ತದೆಯೇ?

ನಡುಕ ಅಡಗುತ್ತದೆ, ಕಾಯಿಲೆ ಉಳಿಯುತ್ತದೆ. ಸ್ಟೀರಿಂಗಿನ ನಡುಕ ತಡೆಯುವ ಈ ಡ್ಯಾಂಪರ್ ಕೊನೆಯ ಮಾತು. ಮೊದಲು ಟೈರು: ಗಾಳಿ, ಬ್ಯಾಲೆನ್ಸಿಂಗ್, ವಯಸ್ಸು. ಟೈರಿನ ಪಕ್ಕದಲ್ಲಿ 2314 ಎಂದಿದ್ದರೆ ಅದು 2014ರ 23ನೇ ವಾರದ್ದು. ಟ್ರೆಡ್ (ನೆಲಕ್ಕೆ ತಾಗುವ ಪದರ) ಎಷ್ಟೇ ಉಳಿದಿರಲಿ, ಹತ್ತು ವರ್ಷ ದಾಟಿದ್ದನ್ನು ತೆಗೆಯಿರಿ. ನಂತರ ಎಂಜಿನ್ ಆನ್ ಮಾಡದೆ ಒಬ್ಬರು ಸ್ಟೀರಿಂಗನ್ನು ಎಡಬಲ ಆಡಿಸಲಿ, ನೀವು ಕೆಳಗೆ ಮಲಗಿ ಸ್ಟೀರಿಂಗನ್ನು ಚಕ್ರಗಳಿಗೆ ಜೋಡಿಸುವ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಜೊತೆಗೆ ಸ್ಪ್ರಿಂಗ್ ಬುಷ್ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಸಿಗುತ್ತದೆ.

ಇಂಥ ನಡುಕದಲ್ಲಿ ಹೆಚ್ಚಿನ ಸಲ ಸಿಕ್ಕಿಬೀಳುವುದು ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಗೂಟ) ಬೇರಿಂಗ್. ಚಕ್ರ, ಟೈ ರಾಡ್ ಕಳಚಿ, ಸ್ಟೀರಿಂಗ್ ಆರ್ಮಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಹೇಳಿದ ಎಳೆತಕ್ಕಿಂತ ಕಡಿಮೆಗೇ ತಿರುಗಿದರೆ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಬಿಗಿ ಮಾಡಬೇಕು. ಆಮೇಲೆ ಅಲೈನ್‌ಮೆಂಟ್: ಟೋ ಇನ್ (ಮುಂದಿನ ಚಕ್ರಗಳ ಮುಂತುದಿ ಒಳಕ್ಕೆ ಬಾಗಿರುವುದು) 1ರಿಂದ 2.5 ಮಿ.ಮೀ., ಕ್ಯಾಸ್ಟರ್ 3 ಡಿಗ್ರಿ ಆಸುಪಾಸು, ಅಂದರೆ ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ಬಾಗಿರಬೇಕು. ಹಿಂದುಗಡೆ ಉದ್ದದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಹಾಕಿ ಎತ್ತರಿಸಿದ ಗಾಡಿಗಳಲ್ಲಿ ಮೂತಿ ಕೆಳಗಾಗಿ ಕ್ಯಾಸ್ಟರ್ ಕಡಿಮೆಯಾಗಿರುತ್ತದೆ. ಆಗ ಶ್ಯಾಕಲ್ ಮೊದಲಿನಂತೆ ಮಾಡುವುದೇ ಸರಿ. ಮುಂದಿನ ಆಕ್ಸಲ್ಲಿಗೆ ಓರೆ ಶಿಮ್ ಕೊಟ್ಟರೆ ಕ್ಯಾಸ್ಟರ್ ಬರುತ್ತದೆ, ಆದರೆ ಆಕ್ಸಲ್ಲಿನ ಪಿನಿಯನ್ ಗೇರು ಕೆಳಮುಖವಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟ್ ಬಾಗಲು ಬಿಡುವ ಕೀಲು) ಬೇಗ ಸವೆಯುತ್ತದೆ.

ಪ್ರಶ್ನೆ: ಹಿಂದಿನ ಆಕ್ಸಲ್ ಆಯಿಲ್ ಸೀಲ್ ಎರಡು ಸಲ ಬದಲಿಸಿದ್ದಾಯಿತು, ಆದರೂ ಸೋರುತ್ತಿದೆ.

ಸೀಲ್ ಬಿಟ್ಟು ಆಕ್ಸಲ್ ಮೇಲಿನ ಬ್ರೀದರ್ (ಗಾಳಿ ಹೋಗಿ ಬರುವ ಸಣ್ಣ ತೂತು) ನೋಡಿ. ಕೆಸರು ಕಟ್ಟಿಕೊಂಡರೆ ಬಿಸಿಗೆ ಹಿಗ್ಗಿದ ಗಾಳಿಗೆ ದಾರಿ ಇಲ್ಲದೆ ಆಯಿಲ್ಲನ್ನು ಸೀಲಿನಿಂದ ಹೊರಕ್ಕೆ ತಳ್ಳುತ್ತದೆ. ಅದು ಸರಿಯಿದ್ದರೆ, ಶಾಫ್ಟಿನ ಮೇಲೆ ಸೀಲ್ ಉಜ್ಜುವ ಜಾಗಕ್ಕೆ ಉಗುರು ಎಳೆದು ನೋಡಿ. ಗೆರೆ ತಗುಲಿದರೆ ಎಷ್ಟು ಹೊಸ ಸೀಲ್ ಹಾಕಿದರೂ ಪ್ರಯೋಜನವಿಲ್ಲ, ಅಲ್ಲಿ ರಿಪೇರಿ ಸ್ಲೀವ್ (ತೆಳು ಲೋಹದ ಬಳೆ) ಕೂರಿಸಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಿ.

ಪ್ರಶ್ನೆ: ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಂಜಿನ್ ಕಿರುಚುತ್ತದೆ. ದೊಡ್ಡ ಎಂಜಿನ್ ಹಾಕಿಸಲೇ?

ಇದು ಎಂಜಿನ್ನಿನ ತಪ್ಪಲ್ಲ, ಗೇರಿನ ಲೆಕ್ಕ. 6.00-16 ಟೈರಿನ ವ್ಯಾಸ ಸುಮಾರು 71 ಸೆಂ.ಮೀ., ಒಂದು ಸುತ್ತಿಗೆ 2.23 ಮೀಟರ್. 80ರ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 600 ಸುತ್ತು. ಕ್ರೌನ್ ಪಿನಿಯನ್ (ಆಕ್ಸಲ್ಲಿನೊಳಗಿನ ಗೇರು ಜೋಡಿ) ಅನುಪಾತ 5.38 ಇದ್ದು ಟಾಪ್ ಗೇರ್ ನೇರ ಇದ್ದರೆ ಎಂಜಿನ್ ನಿಮಿಷಕ್ಕೆ 3,200 ಸುತ್ತುತ್ತದೆ. ವ್ಯಾಸ 76 ಸೆಂ.ಮೀ. ಇರುವ ಟೈರು ಹಾಕಿದರೂ 3,000. ಕ್ರೌನ್ ಪಿನಿಯನ್ 4.27 ಮಾಡಿದರೆ 2,550ಕ್ಕೆ ಬರುತ್ತದೆ, ಆದರೆ ಹಿಂದೆ ಮುಂದೆ ಎರಡರಲ್ಲೂ ಒಂದೇ ಅನುಪಾತ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸಿಗೆ (ಬಲವನ್ನು ಹಿಂದೆ ಮುಂದೆ ಹಂಚುವ ಪೆಟ್ಟಿಗೆ) ಏಟು ಬೀಳುತ್ತದೆ. ನಿಮ್ಮ ಗೇರ್‌ಬಾಕ್ಸಿಗೆ ಕೂರುವ ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರು) ಸಿಕ್ಕರೆ ಅದು ಒಳ್ಳೆಯದು. ಇವಾವುದೂ ಆಗದಿದ್ದರೆ 65ರಲ್ಲಿ ಓಡಿಸಿ. ಡ್ರಂ ಬ್ರೇಕಿನ ಗಾಡಿಗೆ ಅದೇ ಹಿತವಾದ ವೇಗ.

ಪ್ರಶ್ನೆ: ಹಿಡಿತ ಹೆಚ್ಚಲಿ ಎಂದು ಡಾಂಬರು ರಸ್ತೆಯಲ್ಲೂ ಫೋರ್ ವೀಲ್ ಹಾಕಿಡಬಹುದೇ?

ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಈ ಗಾಡಿಗಳಲ್ಲಿ ಹಿಂದು ಮುಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ (ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲದ ಕಾರಣ ಆ ವ್ಯತ್ಯಾಸವೆಲ್ಲ ಶಾಫ್ಟುಗಳಲ್ಲಿ ಬಿಗಿತವಾಗಿ ಕೂರುತ್ತದೆ. ಲಿವರ್ ಬಿಡಿಸಲು ಬರದೆ ಸಿಕ್ಕಿಕೊಂಡರೆ ನೇರಕ್ಕೆ ಕೆಲವು ಮೀಟರ್ ರಿವರ್ಸ್ ಹೋಗಿ. ಹಾಗೆಂದು ಪೂರ್ತಿ ಮರೆಯಲೂಬೇಡಿ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಒಂದೆರಡು ಕಿ.ಮೀ. ಹಾಕಿ ಓಡಿಸಿದರೆ ಮುಂದಿನ ಆಕ್ಸಲ್ಲಿನ ಗೇರು, ಬೇರಿಂಗ್‌ಗಳಿಗೆ ಆಯಿಲ್ ಮುಟ್ಟುತ್ತದೆ.

ಪ್ರಶ್ನೆ: ಚಾಸಿ ಪೇಂಟು ಆದ ಮೇಲೆ ಹೆಡ್‌ಲೈಟ್ ಮಂಕಾಗಿದೆ. ಬಲ್ಬ್ ಹೊಸದು.

ಪೇಂಟಿನ ಮೇಲೆಯೇ ಅರ್ಥ್ ವೈರಿನ ಬೋಲ್ಟ್ ಬಿಗಿದಿರಬೇಕು. ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಹೆಡ್‌ಲೈಟಿನ ಅರ್ಥ್‌ಗೆ ಇಡಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಆ ಜಾಗದ ಪೇಂಟು ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಅರ್ಥ್ ಸರಿಯಿದ್ದರೆ ಹಳೆಯ ಸ್ವಿಚ್ ನೋಡಿ. 60 ವ್ಯಾಟಿನ ಎರಡು ಬಲ್ಬ್ ಎಂದರೆ 12 ವೋಲ್ಟಿಗೆ 10 ಆಂಪಿಯರ್, ಅಷ್ಟೂ ಅದರ ಮೂಲಕವೇ ಹರಿಯುತ್ತದೆ. ವೋಲ್ಟೇಜ್ ಶೇ. 10 ಇಳಿದರೆ ಹ್ಯಾಲೋಜನ್ ಬೆಳಕು ಶೇ. 30ರಷ್ಟು ಕುಸಿಯುತ್ತದೆ. ಲೋ ಬೀಮ್‌ಗೊಂದು, ಹೈ ಬೀಮ್‌ಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿಸಿ. ಬ್ಯಾಟರಿಯಿಂದ ರಿಲೇಗೆ 2.5 ಚದರ ಮಿ.ಮೀ. ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್ ಕೊಡಿ. ಸ್ವಿಚ್ಚಿಗೆ ರಿಲೇ ಆನ್ ಮಾಡುವಷ್ಟು ಕರೆಂಟು ಮಾತ್ರ ಸಾಕು.