ಇಷ್ಟೆಲ್ಲ ಹೊಸ ಗೇಮ್ ಬಂದರೂ ನಿಮಗೆ ಹಳೆಯ ‘ಕಾಂಟ್ರಾ’ನೇ ಯಾಕೆ ಇಷ್ಟ?

ಜೊತೆಗಾರನ ಮೇಲೆ ಒಂದು ಕಣ್ಣಿಟ್ಟೇ ಆಡಬೇಕಾದ ಗೇಮ್ ಅದು. ಅದಕ್ಕೇ ನನಗೆ ಇಷ್ಟ.

ಕೊನಾಮಿ ಕಂಪನಿ 1987ರಲ್ಲಿ ಆರ್ಕೇಡ್‌ಗೆ, ಅಂದ್ರೆ ನಾಣ್ಯ ಹಾಕಿ ಆಡುವ ಯಂತ್ರಕ್ಕೆ, ತಂದು, 1988ರಲ್ಲಿ ಟಿವಿಗೆ ಹಚ್ಚುವ ನಿಂಟೆಂಡೊ ಕನ್ಸೋಲ್‌ಗೆ ಇಳಿಸಿದ ಶೂಟಿಂಗ್ ಗೇಮ್ ಇದು. ಇಬ್ಬರೂ ಒಂದೇ ಪರದೆಯಲ್ಲಿ ಆಡುತ್ತಾರೆ. ಮೂರನೇ ಹಂತದ ಜಲಪಾತವನ್ನೇ ನೋಡಿ. ಮುಂದಿನವನು ಮೇಲೆ ಜಿಗಿದಷ್ಟೂ ಪರದೆ ಮೇಲೇರುತ್ತದೆ. ಕೆಳಗೆ ಉಳಿದವನು ಪರದೆಯಿಂದ ಹೊರಗಾದರೆ ಅವನ ಒಂದು ಜೀವ ಹೋಯ್ತು. ಅಂದ್ರೆ, ನನ್ನ ಅವಸರಕ್ಕೆ ಸಾಯುವುದು ಅವನು.

ಬೇಸಿಗೆ ಸೂಟಿಗೆ ಕಾಕಾನ ಮಗ ವಿಜಯಪುರದ ನಮ್ಮ ಮನೆಗೆ ಬರುತ್ತಿದ್ದ. ಕ್ಯಾಸೆಟ್ ಊದಿ ಹಾಕಿ, ಇಬ್ಬರೂ ಚಾಪೆ ಮೇಲೆ ಕೂರುತ್ತಿದ್ದೆವು. ಜಲಪಾತ ಬಂತಂದ್ರೆ ‘ಅಣ್ಣಾ ತಡಿ, ನಾ ಇನ್ನೂ ಕೆಳಗ ಅದೀನಿ’ ಅಂತ ಮೊಣಕೈಯಿಂದ ತಿವಿಯುತ್ತಿದ್ದ. ಅವನು ಹತ್ತಿ ಬರುವ ತನಕ ನಾನು ಅಲ್ಲೇ ನಿಂತು ಗುಂಡು ಹಾರಿಸುತ್ತಿದ್ದೆ. ಐದು ಗುಂಡು ಒಟ್ಟಿಗೆ ಚದುರಿಸುವ ಎಸ್ ಗನ್ ಸಿಕ್ಕರೆ ಅವನಿಗೇ ಬಿಡುತ್ತಿದ್ದೆ. ಸತ್ತರೆ ಆ ಗನ್ ಹೋಗಿಬಿಡುತ್ತದೆ, ಹಾಗಾಗಿ ಅವನನ್ನು ಉಳಿಸುವ ಜವಾಬ್ದಾರಿ ಇನ್ನೂ ಜಾಸ್ತಿ.

ಈಗಲೂ ಅವನು ಊರಿಗೆ ಬಂದರೆ ಜಲಪಾತದ ತನಕ ಆಡೇ ಆಡುತ್ತೇವೆ.