ಮಜ್ಜಿಗೆಗೆ ಬಿದ್ದ ಗುಳಿಗೆ

(ಗುರುತು ಸಿಗುವ ವಿವರಗಳನ್ನು ಬದಲಿಸಿ, ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ.)

ಬಾಗಲಕೋಟೆ ನವನಗರದ ಕುಟುಂಬ. ತಾಯಿಗೆ 71 ವರ್ಷ. ಬಚ್ಚಲಲ್ಲಿ ಜಾರಿ ಮುಂಗೈ ಮುರಿದಿತ್ತು. ಅಷ್ಟಕ್ಕೇ ಮೂಳೆ ಮುರಿಯಬಾರದಲ್ಲ ಅಂತ ಡಾಕ್ಟರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿ ಕೊಡುವ ಅಂಕ, ಟಿ-ಸ್ಕೋರ್, ಮೈನಸ್ 3.1 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಒಳಗಿಂದ ಟೊಳ್ಳಾಗುವ ಕಾಯಿಲೆ. ಮೂಳೆ ಸವೆಯುವುದನ್ನು ತಡೆಯುವ ಅಲೆಂಡ್ರೊನೇಟ್ 70 ಮಿಲಿಗ್ರಾಂ ಗುಳಿಗೆ, ವಾರಕ್ಕೊಂದರಂತೆ, ಬರೆದುಕೊಟ್ಟರು. ಅವ್ವ ಎರಡು ವಾರ ತಗೊಂಡು ನಿಲ್ಲಿಸಿಬಿಟ್ಟರು.

ಮಗ ರಮಿಸಿ ನೋಡಿದ, ಸಿಟ್ಟು ಮಾಡಿ ನೋಡಿದ. ಕೊನೆಗೆ ಗುಳಿಗೆ ಪುಡಿ ಮಾಡಿ ಮಜ್ಜಿಗೆಗೆ ಹಾಕು ಅಂತ ಹೆಂಡತಿಗೆ ಹೇಳಿದ. ಕೊನೆಯ ಗುಟುಕಿನಲ್ಲಿ ಅವ್ವನ ನಾಲಿಗೆಗೆ ಹಿಟ್ಟು ಹಿಟ್ಟಾಗಿ ಏನೋ ಸಿಕ್ಕಿತು. ಅವರಿಗೆ ತಿಳಿಯದೇ ಇರುತ್ತಾ?

ಮಗ ಸಲಹೆ ಕೇಳಲು ನನ್ನ ಬಳಿ ಬರುವಷ್ಟರಲ್ಲಿ ಮೂಳೆಯ ಮಾತು ಹಿಂದೆ ಬಿದ್ದಿತ್ತು. "ಅವ್ವ ನನ್ನ ಹೇಣ್ತಿ ಕೈಯಾಗ ನೀರೂ ಕುಡಿಯವಲ್ಲಳ್ರಿ ಮೇಡಂ" ಅಂದ.

ಕದ್ದು ಔಷಧಿ ಕೊಡುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತೆ, ಪ್ರೀತಿಯಿಂದಲೇ ನಡೆಯುತ್ತೆ. ಆದರೆ ಈ ಗುಳಿಗೆಯ ವಿಷಯದಲ್ಲಿ ಅದು ಪೂರಾ ತಲೆಕೆಳಗು. ಇದನ್ನು ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ, ಇಡಿಯಾಗಿ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ತಿನ್ನಬಾರದು, ಚಹಾನೂ ಬೇಡ. ಮಜ್ಜಿಗೆಯ ಕ್ಯಾಲ್ಸಿಯಂ ಸೇರಿದರೆ ಔಷಧಿ ಮೈಗೆ ಹತ್ತುವುದೇ ಇಲ್ಲ. ಪುಡಿ ಮಾಡಿದರೆ ಬಾಯಿ, ಅನ್ನನಾಳ ಹುಣ್ಣಾಗಬಹುದು. ಅಂದರೆ ಅವ್ವನ ನಂಬಿಕೆಯೂ ಹೋಯಿತು, ಮೂಳೆಗೂ ಏನೂ ಸಿಗಲಿಲ್ಲ.

ಅವ್ವನ ಜೊತೆ ಒಬ್ಬರೇ ಇದ್ದಾಗ ಮಾತಾಡಿದೆ. ಯಾಕೆ ಬಿಟ್ಟಿರಿ ಅಂತ ಮನೆಯಲ್ಲಿ ಯಾರೂ ಕೇಳಿರಲೇ ಇಲ್ಲ. "ಎದಿ ಉರದು ರಾತ್ರಿ ನಿದ್ದಿ ಹತ್ತಲಿಲ್ಲವ್ವ" ಅಂದರು. ಲಿಂಗಪೂಜೆ ಆಗದೆ ಅವರು ಹನಿ ನೀರೂ ಮುಟ್ಟುವವರಲ್ಲ. ಪೂಜೆ ಮುಗಿಸಿ, ಚಹಾದ ಜೊತೆ ಗುಳಿಗೆ ನುಂಗಿ, ಸೊಂಟ ನೋಯುತ್ತದೆ ಅಂತ ಅಡ್ಡಾಗುತ್ತಿದ್ದರು. ಎದೆ ಉರಿಯದೆ ಇನ್ನೇನಾಗುತ್ತೆ? ಇನ್ನೊಂದು ಭಯವೂ ಇತ್ತು, ಒಮ್ಮೆ ಶುರು ಮಾಡಿದರೆ ಸಾಯೋತನಕ ನುಂಗಬೇಕು ಅಂತ. ಹಾಗೇನಿಲ್ಲ, ಸಾಮಾನ್ಯವಾಗಿ ಈ ಗುಳಿಗೆಯನ್ನು 5 ವರ್ಷ ಕೊಟ್ಟು, ಮುಂದುವರಿಸಬೇಕೋ ಬೇಡವೋ ಅಂತ ಡಾಕ್ಟರು ಮತ್ತೆ ನೋಡುತ್ತಾರೆ ಅಂದೆ.

ಮಾತಿನ ನಡುವೆ ಇನ್ನೊಂದು ವಿಷಯ ಹೇಳಿದರು. "ಇಳಕಲ್ ಸೀರಿ ಈಗೀಗ ನೆಲಕ್ಕ ಹತ್ತತೈತಿ. ಸೀರಿನ ಉದ್ದ ಬಂದಾವೇನೋ ಅಂದ್ಕೊಂಡಿದ್ದೆ." ಬೆನ್ನಿನ ಮೂಳೆಗಳು ಸದ್ದಿಲ್ಲದೆ ಕುಸಿದರೆ ಎತ್ತರ ಹೀಗೇ ಇಳಿಯುತ್ತೆ. ಡಾಕ್ಟರಿಗೆ ಇದನ್ನು ತಪ್ಪದೆ ಹೇಳಿ ಅಂದೆ. ನೋವಿಲ್ಲದ ಕಾಯಿಲೆಗೆ ಗುಳಿಗೆ ಯಾಕೆ ಅಂತ ವಾದ ಮಾಡುತ್ತಿದ್ದವರು ಅಲ್ಲಿಗೆ ಸ್ವಲ್ಪ ಸುಮ್ಮನಾದರು.

ಔಷಧಿ ತಗೊಳ್ಳೋದು ಬಿಡೋದು ಅವ್ವನ ತೀರ್ಮಾನ, ಬುದ್ಧಿ ನೆಟ್ಟಗಿರುವ ತಾಯಿಗೆ ಮಕ್ಕಳು ಮಾಲೀಕರಲ್ಲ ಅಂತ ಮಗನಿಗೆ ನೇರವಾಗಿಯೇ ಹೇಳಿದೆ. ಡಾಕ್ಟರ ಮುಂದೆ ಎರಡು ದಾರಿ ಕೇಳಲು ಹೇಳಿದೆ. ಒಂದು, ಪೂಜೆ ಆದ ಕೂಡಲೇ ಬರೀ ನೀರಿನ ಜೊತೆ ಗುಳಿಗೆ, ಅರ್ಧ ಗಂಟೆ ಕುರ್ಚಿಯಲ್ಲಿ ಕೂತು ಆಮೇಲೆ ಚಹಾ. ಇನ್ನೊಂದು, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ, ಅದೇ ಗುಂಪಿನ ಔಷಧಿ ಜೊಲೆಡ್ರೊನಿಕ್ ಆಮ್ಲ. "ವರ್ಷಕ್ಕೊಮ್ಮಿ ಅಂದ್ರ ಬನಶಂಕರಿ ಜಾತ್ರಿ ಇದ್ದಂಗ, ಅದ ಆಗಲಿ" ಅಂದರು ಅವ್ವ. ಡಾಕ್ಟರೂ ಒಪ್ಪಿದರು. ಆದರೆ ಮೊದಲು ಕಿಡ್ನಿ ಪರೀಕ್ಷೆ ಮಾಡಿಸಿದರು, ಕಡಿಮೆಯಿದ್ದ ವಿಟಮಿನ್ ಡಿ ಸರಿ ಮಾಡಿದರು, ಅಲುಗಾಡುತ್ತಿದ್ದ ಹಲ್ಲನ್ನು ದಂತವೈದ್ಯರಿಗೆ ತೋರಿಸಿದರು. ಮೊದಲ ಸಲ ಜ್ವರ, ಮೈಕೈ ನೋವು ಬರಬಹುದು ಅಂತ ಮೊದಲೇ ತಿಳಿದಿದ್ದರಿಂದ, ಬಂದಾಗ ಮನೆಯವರು ಗಾಬರಿಯಾಗಲಿಲ್ಲ.

ಸೊಸೆಯ ಮಾತು ಉಳಿದಿತ್ತು. ಪುಡಿ ಹಾಕಿಸಿದವನು ಮಗ, ಬೈಸಿಕೊಂಡವಳು ಸೊಸೆ. ನಮ್ಮ ಕಡೆ ಇದೇನು ಹೊಸದಲ್ಲ ಬಿಡಿ. ಅವ್ವನ ಎದುರು, ಹೆಂಡತಿಯೂ ಇರುವಾಗ, "ನಾನ ಹೇಳಿದ್ದೆ" ಅಂತ ಒಪ್ಪಿಕೋ ಅಂದೆ. ಒಪ್ಪಿಕೊಂಡ. ಅವ್ವ ಮಗನಿಗೆ ಬೈದರು, ಸೊಸೆಗೆ ಏನೂ ಅನ್ನಲಿಲ್ಲ. ಈಗ ಅವಳ ಕೈಯಿಂದ ಚಹಾ ಕುಡಿಯುತ್ತಾರೆ, ಮಜ್ಜಿಗೆ ಮಾತ್ರ ತಾವೇ ಕಡೆದುಕೊಳ್ಳುತ್ತಾರೆ. ಇದಕ್ಕೆ ಅವಸರ ಮಾಡಬೇಡಿ ಅಂದಿದ್ದೇನೆ.

ಬಚ್ಚಲಿಗೆ ಹಿಡಿಕೆ, ರಾತ್ರಿ ಸಣ್ಣ ದೀಪ ಆಗಿವೆ. ಜೋಳದ ರೊಟ್ಟಿ ತಿಂದವರಿಗೆ ಮೂಳೆ ಗಟ್ಟಿ ಅನ್ನುವ ಮಾತು ಅವರದ್ದು. ನಿಜ ಹೇಳಬೇಕೆಂದರೆ ರಾಗಿಯ ಕ್ಯಾಲ್ಸಿಯಂನ ಹತ್ತನೇ ಒಂದು ಪಾಲೂ ಜೋಳದಲ್ಲಿಲ್ಲ. ರೊಟ್ಟಿ ಬಿಡುವುದು ಬೇಡ, ಜೊತೆಗೆ ಮೊಸರು ಜಾಸ್ತಿ ಇರಲಿ, ಎಳ್ಳಿನ ಚಟ್ನಿ, ರಾಗಿ ಅಂಬಲಿ ಸೇರಲಿ ಅಂದೆ. ತುಂಬಿದ ಕೊಡ ಬಗ್ಗಿ ಎತ್ತಬೇಡಿ ಅಂದಿದ್ದಕ್ಕೆ ಮಾತ್ರ ಇನ್ನೂ ಜಗ್ಗಾಟ ನಡೆದಿದೆ. ಸದ್ಯಕ್ಕೆ ಅರ್ಧ ಕೊಡಕ್ಕೆ ಇಳಿದಿದ್ದಾರೆ.