ವೈಫೈ ತೆಗೆಸಿದರೆ ಸರಿಹೋದೀತೇ?

ಪ್ರಶ್ನೆ: ಎಂಟನೇ ತರಗತಿಯ ಮಗನ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ಕಂಡೆ. ವೈಫೈ ತೆಗೆಸಿಬಿಡಲೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಡ. ತೆಗೆಸಿದರೆ ಸಿಗ್ನಲ್ ಸಿಗುವ ಗುಡ್ಡ ಹತ್ತಿಯಾನು, ಅಷ್ಟೆ. ರೂಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗಕ್ಕೆ 1.1.1.3, ಎರಡನೆಯದಕ್ಕೆ 1.0.0.3 ಹಾಕಿ. ಕ್ಲೌಡ್‌ಫ್ಲೇರ್‌ನ ಈ ಉಚಿತ ಸೇವೆ ಅಂಥ ಬಹುಪಾಲು ತಾಣಗಳನ್ನು ತಡೆಯುತ್ತದೆ. ಎರಡನೆಯದರಲ್ಲಿ ಹಳೆಯ ಅಂಕಿ ಉಳಿದರೆ ತಡೆ ಸೋರುತ್ತದೆ. ರೂಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ.

ಸಿಮ್ ಡೇಟಾಗೆ ಇದು ತಾಗದು. ಮೊಬೈಲಿಗೆ ಹೆತ್ತವರು ನಿಗಾ ಇಡಲು ಇರುವ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿ, ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಕಡ್ಡಾಯ ಮಾಡಿ. ಇಲ್ಲವಾದರೆ ತಡೆ ತಪ್ಪಿಸುವ ವಿಪಿಎನ್ ಆ್ಯಪ್ ಇಳಿಸಿಕೊಂಡು ದಾಟುತ್ತಾನೆ. ವಾಟ್ಸ್ಆ್ಯಪ್ ಗುಂಪಿಗೆ ಬರುವ ವಿಡಿಯೊಗೆ ಈ ಯಾವ ಬೇಲಿಯೂ ಇಲ್ಲ. ಅಲ್ಲಿ ಆಟೊ ಡೌನ್‌ಲೋಡ್ ನಿಲ್ಲಿಸಿ, ಬೈಯದೆ ಮಾತಾಡಿ. ಯಾರಾದರೂ ಅವನ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದರೆ ಚಾಟ್ ಅಳಿಸದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.